ಬೋರ್ಡು ದಾವಣಗೆರೆಯದು, ಹೋಟೆಲ್ ಎಲ್ಲಿಯದು? ಮೋಸದ ಇಮೇಲ್ ಗುರುತಿಸುವ, ಬಂದಾಗ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಯಾವ ಬಡಾವಣೆಗೆ ಹೋದರೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಕಾಣುತ್ತದೆ. ಅದನ್ನು ಓದಿದವರು ಯಾರೂ ತಾವು ದಾವಣಗೆರೆಗೆ ಬಂದಿಳಿದೆವು ಅಂದುಕೊಳ್ಳುವುದಿಲ್ಲ. ಇಮೇಲ್ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಈ ಎಚ್ಚರ ಎಲ್ಲಿಗೋ ಹೋಗುತ್ತದೆ. ಮೇಲ್ಗಡೆ ಬ್ಯಾಂಕಿನ ಹೆಸರು, ಪಕ್ಕದಲ್ಲಿ ಅದರ ಲೋಗೋ ಕಂಡರೆ ಸಾಕು, ಬ್ಯಾಂಕೇ ಬರೆದಿದೆ ಅಂತ ನಂಬಿಬಿಡುತ್ತೇವೆ.

‘ಕಾಗುಣಿತ ತಪ್ಪಿದ್ದರೆ ಮೋಸದ ಮೇಲ್’ ಎಂಬ ಹಳೆಯ ಸಲಹೆಯನ್ನು ಮೊದಲು ಮರೆತುಬಿಡಿ. ಈಗ ಯಂತ್ರವೇ ಶುದ್ಧ ಕನ್ನಡದಲ್ಲಿ, ಶುದ್ಧ ಇಂಗ್ಲಿಷಿನಲ್ಲಿ ಬರೆದುಕೊಡುತ್ತದೆ. ತಪ್ಪಿಲ್ಲದ ಮೇಲ್ ಅಸಲಿ ಅನ್ನುವ ಹಾಗಿಲ್ಲ. ನಮ್ಮ ಸರ್ಕಾರಿ ಕಚೇರಿಗಳ ಅಸಲಿ ಮೇಲ್‌ಗಳಲ್ಲೇ ತಪ್ಪುಗಳಿಗೆ ಬರವಿಲ್ಲ ಅನ್ನುವುದು ಬೇರೆ ಮಾತು.

ಎಲ್ಲ ಕಾಲಕ್ಕೂ ನಡೆಯುವ ಸೂತ್ರ ಒಂದೇ. ಮೇಲ್ ತೋರಿಸಿದ ದಾರಿಯಲ್ಲಿ ಹೋಗಬೇಡಿ, ನಿಮಗೆ ಮೊದಲೇ ಗೊತ್ತಿರುವ ದಾರಿಯಲ್ಲಿ ಹೋಗಿ ವಿಚಾರಿಸಿ. ಪಾಸ್‌ಬುಕ್ಕಿನಲ್ಲಿರುವ ಶಾಖೆಯ ನಂಬರು, ಎಟಿಎಂ ಕಾರ್ಡಿನ ಹಿಂಬದಿಯ ನಂಬರು, ಹೋದ ವರ್ಷದ ಬಿಲ್ಲಿನಲ್ಲಿರುವ ನಂಬರು, ಇವು ನಿಮ್ಮ ದಾರಿಗಳು. ಮೇಲ್‌ನೊಳಗಿನ ಲಿಂಕ್, ಅದರಲ್ಲೇ ಕೊಟ್ಟ ‘ಸಹಾಯವಾಣಿ’, ಅದಕ್ಕೆ ಒತ್ತುವ ರಿಪ್ಲೈ, ಇವು ಕಳ್ಳನ ದಾರಿಗಳು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಹಂತ 1: ಏನು ಕೇಳುತ್ತಿದೆ ನೋಡಿ

ಯಾರು ಬರೆದಿದ್ದಾರೆ ಅನ್ನುವುದಕ್ಕೆ ಮೊದಲು ಏನು ಮಾಡಲು ಹೇಳುತ್ತಿದ್ದಾರೆ ಎಂದು ಓದಿ. ಪಾಸ್‌ವರ್ಡ್, ಒಟಿಪಿ, ಕಾರ್ಡ್ ಸಂಖ್ಯೆ, ಆಧಾರ್ ಫೋಟೊ, ಹಣ, ಯಾವುದೋ ಆ್ಯಪ್ ಹಾಕಿಕೊಳ್ಳುವುದು, ಇಷ್ಟರಲ್ಲಿ ಒಂದನ್ನೂ ಕೇಳದ ಮೇಲ್‌ನಿಂದ ಸಾಮಾನ್ಯವಾಗಿ ಅಪಾಯ ಕಡಿಮೆ. ಕೇಳಿದ್ದರ ಜೊತೆಗೆ ಗಡುವೂ ಇದ್ದರೆ (‘24 ಗಂಟೆಯೊಳಗೆ ಖಾತೆ ಬಂದ್’, ‘ಇವತ್ತೇ ಕೊನೇ ದಿನ’) ಅಲ್ಲೇ ಕೈ ತಡೆಯಿರಿ. ಯೋಚಿಸಲು, ಮನೆಯವರನ್ನು ಕೇಳಲು ಪುರುಸೊತ್ತು ಸಿಗಬಾರದು ಅಂತಲೇ ಗಡುವು ಹಾಕಿರುತ್ತಾರೆ. ‘ಇದನ್ನು ಯಾರಿಗೂ ಹೇಳಬೇಡಿ’ ಎಂದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಹಂತ 2: ವಿಳಾಸವನ್ನು ಬಲದಿಂದ ಎಡಕ್ಕೆ ಓದಿ

ಮೊಬೈಲಿನಲ್ಲಿ ಮೇಲ್ ತೆರೆದಾಗ ಕಾಣುವುದು ಕಳಿಸಿದವನು ತಾನೇ ಇಟ್ಟುಕೊಂಡ ಹೆಸರು ಮಾತ್ರ. ಅಲ್ಲಿ ಯಾರು ಏನನ್ನಾದರೂ ಬರೆದುಕೊಳ್ಳಬಹುದು, ಬೋರ್ಡು ಬರೆಸಿದ ಹಾಗೆ. ನಿಜವಾದ ವಿಳಾಸ ನೋಡಲು ಜಿಮೇಲ್ ಆ್ಯಪ್‌ನಲ್ಲಿ ಹೆಸರಿನ ಕೆಳಗೆ ‘ಟು ಮಿ’ ಎಂದಿರುವ ಕಡೆಯ ಪುಟ್ಟ ಬಾಣದ ಗುರುತನ್ನು ಒತ್ತಿ. ಪೂರ್ತಿ ವಿಳಾಸ ಬಿಚ್ಚಿಕೊಳ್ಳುತ್ತದೆ.

ಅದರಲ್ಲಿ ‘ಅಟ್’ ಗುರುತಿನ ನಂತರದ ಭಾಗವನ್ನು ಕೊನೆಯಿಂದ ಓದಬೇಕು. ಅಂಚೆ ಕವರಿನ ಮೇಲೆ ಊರಿನ ಹೆಸರು ಕೊನೆಗೆ ಬರುತ್ತದಲ್ಲ, ಹಾಗೆ. ‘ನಿಮ್ಮಬ್ಯಾಂಕ್ ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿದರೆ ಅದು ಬ್ಯಾಂಕಿನ ಊರು. ‘ನಿಮ್ಮಬ್ಯಾಂಕ್ ಡಾಟ್ ಬ್ಯಾಂಕ್ ಡಾಟ್ ಇನ್ ಡಾಟ್ ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್’ ಎಂದಿದ್ದರೆ ಊರು ‘ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್’. ಅದಕ್ಕೆ ಮೊದಲು ಬಂದದ್ದೆಲ್ಲ ಬೋರ್ಡು.

ಭಾರತೀಯ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರುವಂತೆ ಹೇಳಿತ್ತು. ಈ ವಿಳಾಸವನ್ನು ರಿಸರ್ವ್ ಬ್ಯಾಂಕೇ ಸ್ಥಾಪಿಸಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಬ್ಯಾಂಕುಗಳಿಗೆ ಮಾತ್ರ ಕೊಡುತ್ತದೆ. ‘ಡಾಟ್ ಗವ್ ಡಾಟ್ ಇನ್’ ಕೂಡ ಸರ್ಕಾರದ್ದೇ. ‘ಡಾಟ್ ಕೋ ಡಾಟ್ ಇನ್’, ‘ಡಾಟ್ ಇನ್’, ‘ಡಾಟ್ ಕಾಮ್’ ಇವೆಲ್ಲ ದುಡ್ಡು ಕೊಟ್ಟ ಯಾರಿಗೂ ಸಿಗುತ್ತವೆ.

ಅಕ್ಷರಗಳ ಕಣ್ಕಟ್ಟಿಗೂ ಸ್ವಲ್ಪ ಗಮನ ಕೊಡಿ. ಇಂಗ್ಲಿಷಿನ ಸಣ್ಣಕ್ಷರದ ‘ಆರ್’ ಮತ್ತು ‘ಎನ್’ ಒತ್ತಿಕೊಂಡು ನಿಂತರೆ ‘ಎಂ’ ಕಂಡಂತೆ ಕಾಣುತ್ತದೆ. ಸಣ್ಣ ‘ಎಲ್’ ಬದಲು ಅಂಕಿ ಒಂದು, ‘ಓ’ ಬದಲು ಸೊನ್ನೆ. ಮೊಬೈಲಿನ ಪುಟ್ಟ ಪರದೆಯಲ್ಲಿ ನಲವತ್ತು ದಾಟಿದ ಕಣ್ಣಿಗೆ ಇದು ಸಿಗುವುದಿಲ್ಲ. ವಿಳಾಸವನ್ನು ಕಾಪಿ ಮಾಡಿ ನೋಟ್ಸ್‌ನಲ್ಲಿ ಅಂಟಿಸಿ, ಅಕ್ಷರ ದೊಡ್ಡದು ಮಾಡಿ ನೋಡಿ.

ಕಂಪ್ಯೂಟರ್ ಇದ್ದರೆ ಇನ್ನೂ ಒಂದು ಪರೀಕ್ಷೆ ಇದೆ. ಬ್ರೌಸರಿನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಬಲಬದಿಯ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಸಾಲು, ಅವುಗಳ ಮುಂದೆ ‘ಪಾಸ್’ ಅಥವಾ ‘ಫೇಲ್’ ಕಾಣುತ್ತದೆ. ಬ್ಯಾಂಕಿನ ವಿಳಾಸವಿದ್ದೂ ಡಿಮಾರ್ಕ್ ಫೇಲ್ ಎಂದಿದ್ದರೆ, ಯಾರೋ ಆ ವಿಳಾಸದ ಮುಖವಾಡ ಹಾಕಿಕೊಂಡಿದ್ದಾರೆ ಎಂದೇ ತಿಳಿದು ಮುಂದುವರಿಯಿರಿ. ಆದರೆ ಮೂರೂ ಪಾಸ್ ಆದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಬೇಡಿ. ಪಾಸ್ ಅಂದರೆ ಮೇಲ್ ಆ ವಿಳಾಸದಿಂದಲೇ ಬಂದಿದೆ ಎಂದರ್ಥ, ಆ ವಿಳಾಸದವನು ಸಾಚಾ ಎಂದಲ್ಲ. ಕಳ್ಳ ತನ್ನ ಸ್ವಂತ ‘ಡಾಟ್ ಟಾಪ್’ ವಿಳಾಸದಿಂದ ಕಳಿಸಿದ್ದೂ ಪಾಸ್ ಆಗುತ್ತದೆ.

ಹಂತ 3: ಲಿಂಕ್ ಮತ್ತು ಅಟ್ಯಾಚ್‌ಮೆಂಟ್

ಲಿಂಕನ್ನು ಒತ್ತದೆಯೇ ಓದಬಹುದು. ಕಂಪ್ಯೂಟರಿನಲ್ಲಿ ಮೌಸ್ ಅದರ ಮೇಲಿಟ್ಟರೆ ಪರದೆಯ ಕೆಳಗೆ ಎಡಮೂಲೆಯಲ್ಲಿ ನಿಜವಾದ ವಿಳಾಸ ಬರುತ್ತದೆ. ಮೊಬೈಲಿನಲ್ಲಿ ಬೆರಳನ್ನು ಒತ್ತಿ ಹಿಡಿದರೆ ವಿಳಾಸ ಕಾಣುತ್ತದೆ. ಒಂಟಿ ಓರೆಗೆರೆ ಬರುವವರೆಗಿನ ಭಾಗ ತೆಗೆದುಕೊಂಡು ಮತ್ತೆ ಬಲದಿಂದ ಎಡಕ್ಕೆ ಓದಿ. ಓರೆಗೆರೆಯ ಆಚೆ ಬ್ಯಾಂಕಿನ ಹೆಸರು ಹತ್ತು ಸಲ ಬಂದರೂ ಅದಕ್ಕೆ ಬೆಲೆಯಿಲ್ಲ.

ಬೀಗದ ಚಿತ್ರ ಇದ್ದರೆ ಸುರಕ್ಷಿತ ಅನ್ನುವ ನಂಬಿಕೆಯೂ ಹಳೆಯದಾಯಿತು. ನಿಮ್ಮಿಂದ ಆ ಜಾಲತಾಣದವರೆಗಿನ ದಾರಿಯಲ್ಲಿ ಕದ್ದು ಓದಲಾಗದು ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕಳ್ಳನೇ ಕೂತಿದ್ದರೂ ಬೀಗ ಇರುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿತ್ರವನ್ನು ತೆಗೆದು ಬೇರೆ ಗುರುತು ಹಾಕಿತು. ಗೂಗಲ್ ಫಾರ್ಮ್ ಕೂಡ ಅಷ್ಟೇ. ವಿಳಾಸ ಗೂಗಲ್‌ನದೇ ಆದರೂ ಒಳಗಿನ ಪ್ರಶ್ನೆ ಬರೆದವರು ಯಾರೋ.

ಅಟ್ಯಾಚ್‌ಮೆಂಟ್‌ನಲ್ಲಿ ಫೈಲಿನ ಹೆಸರಿನ ಬಾಲ ನೋಡಿ. ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಅಂದರೆ ಅದು ಬಿಲ್ಲಲ್ಲ, ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಂ. ವಿಂಡೋಸ್ ಈ ಕೊನೆಯ ಬಾಲವನ್ನು ತಾನಾಗಿಯೇ ಮುಚ್ಚಿಡುತ್ತದೆ. ಹಾಗಾಗಿ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಒಂದು ಸಲ ಟಿಕ್ ಹಾಕಿಟ್ಟುಬಿಡಿ. ‘ಎಚ್‌ಟಿಎಂಎಲ್’ ಫೈಲ್ ಬಂದರೆ ಅದು ಸಾಮಾನ್ಯವಾಗಿ ನಕಲಿ ಲಾಗಿನ್ ಪುಟ. ‘ಎಪಿಕೆ’ ಅಂದರೆ ಆಂಡ್ರಾಯ್ಡ್ ಆ್ಯಪ್, ಅದನ್ನು ಯಾವ ಬ್ಯಾಂಕೂ ಮೇಲ್‌ನಲ್ಲಿ ಕಳಿಸುವುದಿಲ್ಲ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲು, ಅದರ ಪಾಸ್‌ವರ್ಡ್ ಅದೇ ಮೇಲ್‌ನಲ್ಲಿದ್ದರೆ ವೈರಸ್ ತಪಾಸಣೆಯಿಂದ ನುಣುಚಿಕೊಳ್ಳುವ ಉಪಾಯ ಅದು. ಪಿಡಿಎಫ್ ಒಳಗೆ ಕ್ಯೂಆರ್ ಕೋಡ್ ಇಟ್ಟು ‘ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ’ ಅನ್ನುವುದೂ ಇದೇ ಜಾತಿ.

ಮಂಡಿಗೆ ಬರುವ ಮೇಲ್: ‘ನಮ್ಮ ಖಾತೆ ಬದಲಾಗಿದೆ’

ಬ್ಯಾಂಕ್ ಹೆಸರಿನ ಮೇಲ್‌ಗಳಿಗಿಂತ ಇದು ದುಬಾರಿ. ಇದರಲ್ಲಿ ಹೋಗುವುದು ಸಾವಿರಗಳಲ್ಲ, ಲಕ್ಷಗಳು. ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಬ್ಬ ಮೆಕ್ಕೆಜೋಳದ ವರ್ತಕರು ಹುಬ್ಬಳ್ಳಿಯ ಸಪ್ಲೈಯರ್ ಹತ್ತಿರ ಗೋಣಿಚೀಲ ತರಿಸುತ್ತಾರೆ ಅಂದುಕೊಳ್ಳಿ. 4,86,500 ರೂಪಾಯಿಯ ಬಿಲ್ ಬಾಕಿ. ಸಪ್ಲೈಯರ್‌ನ ಮೇಲ್ ಪಾಸ್‌ವರ್ಡ್ ಕದ್ದವನು ಒಳಗೆ ಕೂತು ತಿಂಗಳುಗಟ್ಟಲೆ ಸುಮ್ಮನೆ ಓದುತ್ತಾನೆ. ಬಿಲ್ ಹೋಗುವ ದಿನ ಬರೆಯುತ್ತಾನೆ:

“ನಮಸ್ಕಾರ ಸರ್. ನಮ್ಮ ಹಳೇ ಖಾತೆ ಆಡಿಟ್‌ನಲ್ಲಿದೆ. ಈ ಸಲದ ಪೇಮೆಂಟ್ ಕೆಳಗಿನ ಖಾತೆಗೆ ಹಾಕಿ, ಯುಟಿಆರ್ (ವಹಿವಾಟಿನ ಸಂಖ್ಯೆ) ಇದೇ ಮೇಲ್‌ಗೆ ಕಳಿಸಿ. ನಾನು ಮೀಟಿಂಗ್‌ನಲ್ಲಿರುತ್ತೇನೆ, ಫೋನ್ ತೆಗೆಯಲು ಆಗುವುದಿಲ್ಲ.”

ವಿಳಾಸ ಅಸಲಿ, ಮೂರೂ ಪರೀಕ್ಷೆ ಪಾಸ್, ಬಿಲ್ ಸಂಖ್ಯೆಯೂ ಮೊತ್ತವೂ ಸರಿ. ಹಂತ 2 ಮತ್ತು 3 ಇಲ್ಲಿ ಕೈಕೊಡುತ್ತವೆ. ಉಳಿಯುವುದು ಹಂತ 1: ಏನು ಕೇಳುತ್ತಿದೆ? ಹಣ ಹೊಸ ಜಾಗಕ್ಕೆ. ‘ಆಡಿಟ್’ ಎಂಬುದು ನೆಪ, ಆಡಿಟ್ ನಡೆದರೆ ಖಾತೆಗೆ ಹಣ ಬರುವುದು ನಿಲ್ಲುವುದಿಲ್ಲ. ‘ಫೋನ್ ತೆಗೆಯಲು ಆಗುವುದಿಲ್ಲ’ ಎಂಬ ಸಾಲು ಇಡೀ ಮೇಲ್‌ನ ಜೀವಾಳ. ನಿಮಗಿರುವ ಇನ್ನೊಂದು ದಾರಿಯನ್ನು ಮುಚ್ಚಲಿಕ್ಕೇ ಅದನ್ನು ಬರೆದಿರುವುದು.

ಮಾಡಬೇಕಾದ್ದು ಹೀಗೆ. ಹಳೆಯ ಬಿಲ್ ಬುಕ್ ತೆಗೆದು ಅದರಲ್ಲಿರುವ ನಂಬರಿಗೆ ಫೋನ್ ಮಾಡಿ. “ಅಣ್ಣಾರೆ, ಅಕೌಂಟ್ ಏನಾರ ಬದಲಾಗೈತೇನ್ರಿ?” ಎಂದು ಕೇಳಲು ಅರ್ಧ ನಿಮಿಷ ಸಾಕು. ಧ್ವನಿ ಪರಿಚಯದ್ದೇ ಇರಬೇಕು, ಹಣ ಹಾಕುವುದು ಒಂದು ದಿನ ತಡವಾದರೂ ಚಿಂತೆಯಿಲ್ಲ. ಆಮೇಲೆ ಖಾತೆಯ ವಿವರ ನೋಡಿ. ಐಎಫ್‌ಎಸ್‌ಸಿ ಕೋಡ್ 11 ಅಕ್ಷರದ್ದು: ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಹುಬ್ಬಳ್ಳಿಯ ವ್ಯಾಪಾರಿಯ ಖಾತೆ ಸಾವಿರ ಮೈಲಿ ದೂರದ ಶಾಖೆಯಲ್ಲಿ ಯಾಕಿದೆ? ಆರ್‌ಟಿಜಿಎಸ್, ನೆಫ್ಟ್ ಮಾಡುವಾಗ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಅದನ್ನು ಬಳಸಿ. ಹೆಸರು ಅಂಗಡಿಯದ್ದಲ್ಲದೆ ಯಾರದೋ ವ್ಯಕ್ತಿಯದ್ದಾದರೆ ನಿಲ್ಲಿಸಿ. ‘ಒಂದು ರೂಪಾಯಿ ಹಾಕಿ ನೋಡಿದೆ, ಹೋಯಿತು’ ಅನ್ನುವುದು ಪರೀಕ್ಷೆಯಲ್ಲ. ಕಳ್ಳನ ಖಾತೆಗೂ ರೂಪಾಯಿ ಹೋಗುತ್ತದೆ.

ಹೊಸ ಪಾರ್ಟಿಯಾಗಿದ್ದರೆ ಬಿಲ್ಲಿನ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ಹೆಸರು, ವಿಳಾಸ ತಾಳೆ ನೋಡಿ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಅಂಗಡಿಯ ಗುಮಾಸ್ತರಿಗೆ ಒಂದು ನಿಯಮ ಬರೆದು ಗೋಡೆಗೆ ಅಂಟಿಸಿ: ಖಾತೆ ಬದಲಾದರೆ ಫೋನ್ ಆಗದೆ ಪೇಮೆಂಟ್ ಇಲ್ಲ, ಸಾಹುಕಾರರೇ ಮೇಲ್ ಮಾಡಿದ್ದರೂ ಇಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೂ ಚನ್ನಗಿರಿಯ ಅಡಿಕೆ ಮಂಡಿಗೂ ಇದೇ ಮಾತು.

ಉಳಿದ ಬಗೆಗಳು, ಚುಟುಕಾಗಿ

ತೆರಿಗೆ ರೀಫಂಡ್: ರೀಫಂಡ್ ಹಣ ಆದಾಯ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ನೀವು ಮೊದಲೇ ದೃಢಪಡಿಸಿದ ಖಾತೆಗೆ ತಾನಾಗಿ ಬರುತ್ತದೆ, ಲಿಂಕ್ ಒತ್ತಿ ಪಡೆಯುವಂಥದ್ದಲ್ಲ. ನೋಟಿಸ್ ಬಂದಿದ್ದರೆ ಅದರ ಮೇಲಿನ ಡಿಐಎನ್, ಅಂದರೆ ದಾಖಲೆಯ ಗುರುತಿನ ಸಂಖ್ಯೆ ನೋಡಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಅದು ಕಡ್ಡಾಯ. ಇ-ಫೈಲಿಂಗ್ ಪೋರ್ಟಲಿನ ಮುಖಪುಟದಲ್ಲಿ, ಲಾಗಿನ್ ಆಗದೆಯೇ, ಆ ನೋಟಿಸ್ ಅಸಲಿಯೋ ಎಂದು ನೋಡಬಹುದು.

ಟವರ್, ಗಾಳಿಯಂತ್ರ: ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡಿದವರಿಗೆ ‘ನಿಮ್ಮ ಜಮೀನು ಆಯ್ಕೆಯಾಗಿದೆ’ ಎಂಬ ಮೇಲ್ ನಂಬುವಂತೆಯೇ ಇರುತ್ತದೆ. ಬಾಡಿಗೆಗೆ ಬರುವವರು ನಿಮಗೆ ಹಣ ಕೊಡಬೇಕೇ ಹೊರತು ನಿಮ್ಮಿಂದ ‘ನೋಂದಣಿ ಶುಲ್ಕ’ ಕೇಳುವಂತಿಲ್ಲ. ಟವರ್ ಹಾಕಲು ಜಾಗ ಬಾಡಿಗೆಗೆ ಪಡೆಯುವುದರಲ್ಲಿ ತನ್ನ ಪಾತ್ರವೇ ಇಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಸಾರ್ವಜನಿಕವಾಗಿಯೇ ಹೇಳಿದೆ.

ಕೆಲಸದ ಆಫರ್ ಲೆಟರ್: ಎಂಜಿನಿಯರಿಂಗ್ ಮುಗಿಸಿದ ಮಕ್ಕಳಿಗೆ ಬರುವುದು ಇದು. ‘ಲ್ಯಾಪ್‌ಟಾಪ್ ಡಿಪಾಸಿಟ್, ಆಮೇಲೆ ವಾಪಸ್’ ಎಂದಿದ್ದರೆ ಆಫರ್ ಅಲ್ಲ. ಕಂಪನಿಯ ಜಾಲತಾಣಕ್ಕೆ ನೀವೇ ಹೋಗಿ, ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನವರನ್ನೂ ಕೇಳಿ.

ಪೊಲೀಸ್, ಸಿಬಿಐ ಹೆಸರಿನ ಪಿಡಿಎಫ್: ಅಶ್ಲೀಲ ಚಿತ್ರ ನೋಡಿದ್ದೀರಿ, ಉತ್ತರಿಸದಿದ್ದರೆ ಬಂಧನ, ಇತ್ಯಾದಿ. ಉತ್ತರಿಸಿದರೆ ವಿಡಿಯೊ ಕರೆಗೆ ಎಳೆಯುತ್ತಾರೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

‘ನಿಮ್ಮ ಕ್ಯಾಮೆರಾದಲ್ಲಿ ಎಲ್ಲ ರೆಕಾರ್ಡ್ ಮಾಡಿದ್ದೇನೆ’: ಸಾಕ್ಷಿಗೆ ನಿಮ್ಮ ಹಳೆಯ ಪಾಸ್‌ವರ್ಡನ್ನೇ ತೋರಿಸಿ ಬಿಟ್‌ಕಾಯಿನ್ ಕೇಳುತ್ತಾರೆ. ಆ ಪಾಸ್‌ವರ್ಡ್ ಯಾವುದೋ ಜಾಲತಾಣದಿಂದ ಹಿಂದೆಂದೋ ಸೋರಿದ್ದು. ವಿಡಿಯೊ ಇರುವುದಿಲ್ಲ. ಹಣ ಕೊಡಬೇಡಿ, ಉತ್ತರಿಸಬೇಡಿ. ಆ ಪಾಸ್‌ವರ್ಡನ್ನು ಇನ್ನೂ ಎಲ್ಲಾದರೂ ಬಳಸುತ್ತಿದ್ದರೆ ಇವತ್ತೇ ಬದಲಿಸಿ.

ಮೋಸ ಎಂದು ಖಾತ್ರಿಯಾದ ಮೇಲೆ ಅದಕ್ಕೆ ತಮಾಷೆಗೂ ಉತ್ತರ ಬರೆಯಬೇಡಿ, ‘ಅನ್‌ಸಬ್‌ಸ್ಕ್ರೈಬ್’ ಕೂಡ ಒತ್ತಬೇಡಿ. ಈ ವಿಳಾಸದಲ್ಲಿ ಜನ ಇದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಮೂರು ಚುಕ್ಕೆಯ ಪಟ್ಟಿಯಿಂದ ‘ರಿಪೋರ್ಟ್ ಫಿಶಿಂಗ್’, ಮೊಬೈಲಿನಲ್ಲಿ ‘ರಿಪೋರ್ಟ್ ಸ್ಪ್ಯಾಮ್’ ಮಾಡಿದರೆ ಸಾಕು.

ಒತ್ತಿಬಿಟ್ಟಿದ್ದೀರಿ, ಈಗ?

ಬರೀ ಲಿಂಕ್ ತೆರೆದು, ಏನೂ ತುಂಬದೆ ಮುಚ್ಚಿದ್ದರೆ ಗಾಬರಿ ಬೇಡ. ಏನಾದರೂ ಡೌನ್‌ಲೋಡ್ ಆಗಿದೆಯೇ ನೋಡಿ, ಆಗಿದ್ದರೆ ತೆರೆಯದೆ ಅಳಿಸಿ.

ಫೈಲ್ ತೆರೆದಿದ್ದರೆ ಅಥವಾ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿದ್ದರೆ ಮೊದಲು ವೈಫೈ, ಡೇಟಾ ಎರಡೂ ಬಂದ್ ಮಾಡಿ. ಆ ಯಂತ್ರದಿಂದ ಬ್ಯಾಂಕಿಗೆ ಲಾಗಿನ್ ಆಗಬೇಡಿ. ಪಾಸ್‌ವರ್ಡ್ ಬದಲಿಸುವುದು ಬೇರೆ ಫೋನಿನಿಂದ. ಇದೇ ಯಂತ್ರದಲ್ಲಿ ಬದಲಿಸಿದರೆ ಹೊಸ ಪಾಸ್‌ವರ್ಡೂ ಅವರ ಕೈಗೇ ಹೋಗಬಹುದು.

ಇಮೇಲ್ ಪಾಸ್‌ವರ್ಡ್ ಕೊಟ್ಟಿದ್ದರೆ ಬದಲಿಸುವುದಷ್ಟೇ ಸಾಲದು, ಹೆಚ್ಚಿನವರು ಎಡವುವುದು ಇಲ್ಲೇ. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿರುತ್ತಾರೆ. ಕಂಪ್ಯೂಟರಿನಲ್ಲಿ ಈ ಕ್ರಮದಲ್ಲಿ ಹೋಗಿ:

1. ಗೂಗಲ್ ಖಾತೆಯ ‘ಸೆಕ್ಯೂರಿಟಿ’ ವಿಭಾಗದಲ್ಲಿ ಪಾಸ್‌ವರ್ಡ್ ಬದಲಿಸಿ. ಬೇರೆಲ್ಲೂ ಬಳಸದ್ದೇ ಆಗಿರಲಿ.
2. ಅಲ್ಲೇ ‘ಯುವರ್ ಡಿವೈಸಸ್’ನಲ್ಲಿ ನಿಮ್ಮದಲ್ಲದ ಸಾಧನಗಳನ್ನೆಲ್ಲ ಸೈನ್ ಔಟ್ ಮಾಡಿ.
3. ರಿಕವರಿ ಫೋನ್, ರಿಕವರಿ ಇಮೇಲ್ ನಿಮ್ಮದೇ ಇದೆಯೇ ನೋಡಿ. ಅವರದನ್ನು ಸೇರಿಸಿದ್ದರೆ ನಾಳೆ ಮತ್ತೆ ಒಳಗೆ ಬರುತ್ತಾರೆ.
4. ಈಗ ಜಿಮೇಲ್ ಸೆಟ್ಟಿಂಗ್ಸ್ ತೆರೆದು, ‘ಫಾರ್ವರ್ಡಿಂಗ್’ ಪುಟದಲ್ಲಿ ಅಪರಿಚಿತ ವಿಳಾಸವಿದ್ದರೆ ತೆಗೆಯಿರಿ. ಪಾಸ್‌ವರ್ಡ್ ಬದಲಾದರೂ ಇದು ಹಾಗೇ ಉಳಿದು, ನಿಮ್ಮ ಪ್ರತಿ ಮೇಲ್‌ನ ನಕಲು ಹೋಗುತ್ತಲೇ ಇರುತ್ತದೆ.
5. ‘ಫಿಲ್ಟರ್ಸ್’ ಪುಟ. ‘ಬ್ಯಾಂಕ್’, ‘ಪೇಮೆಂಟ್’, ‘ಇನ್‌ವಾಯ್ಸ್’ ಎಂಬ ಪದವಿದ್ದ ಮೇಲ್ ಬಂದ ಕೂಡಲೇ ಅಳಿಸು ಎಂಬ ಫಿಲ್ಟರ್ ಹಾಕಿರುತ್ತಾರೆ, ಎಚ್ಚರಿಕೆಯ ಮೇಲ್ ನಿಮಗೆ ಕಾಣಬಾರದು ಎಂದು.
6. ಖಾತೆಗೆ ಜೋಡಿಸಿಕೊಂಡಿರುವ ಬೇರೆ ಆ್ಯಪ್‌ಗಳಲ್ಲಿ ಗುರುತಿಲ್ಲದ್ದನ್ನು ತೆಗೆದು, ‘ಟು-ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ. ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಹಣ ಹೋಗಿದ್ದರೆ

ತಕ್ಷಣ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಅದೇ ಹೊತ್ತಿಗೆ ಬ್ಯಾಂಕಿಗೆ ಮಾಡಿ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ನಿಲ್ಲಿಸಲಿ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ಎರಡು, ಮೂರು, ಹತ್ತು ಖಾತೆಗೆ ಹಂಚಿಹೋಗುತ್ತದೆ. 1930ರವರು ದೂರನ್ನು ಆ ಬ್ಯಾಂಕುಗಳಿಗೆ ಸರಪಳಿಯಂತೆ ರವಾನಿಸಿ, ಎಲ್ಲಿ ಎಷ್ಟು ಉಳಿದಿದೆಯೋ ಅಷ್ಟಕ್ಕೆ ತಡೆ ಹಾಕಿಸುತ್ತಾರೆ. ಯಾರಾದರೂ ಎಟಿಎಂನಿಂದ ತೆಗೆದ ಮೇಲೆ ತಡೆಯುವುದಕ್ಕೆ ಏನೂ ಇರುವುದಿಲ್ಲ.

ಫೋನ್ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ನಿಮ್ಮ ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ, ಗಂಟೆ-ನಿಮಿಷ, ವಹಿವಾಟಿನ ಸಂಖ್ಯೆ, ಹಣ ಹೋದ ಖಾತೆ ಅಥವಾ ಯುಪಿಐ ಐಡಿ. ಯುಪಿಐ, ಐಎಂಪಿಎಸ್‌ನದು 12 ಅಂಕಿ, ನೆಫ್ಟ್‌ನ ಯುಟಿಆರ್ 16 ಅಂಕಿ-ಅಕ್ಷರ, ಆರ್‌ಟಿಜಿಎಸ್‌ನದು 22. ಒಂದು ಅಂಕಿ ತಪ್ಪಿದರೂ ಹುಡುಕಾಟ ಅಲ್ಲೇ ನಿಲ್ಲುತ್ತದೆ. ದೂರಿನ ಸಂಖ್ಯೆ ಬರೆದುಕೊಂಡು, 24 ಗಂಟೆಯೊಳಗೆ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ನಲ್ಲಿ ಪೂರ್ತಿ ವಿವರ ತುಂಬಿ.

ನಂತರ ಠಾಣೆ. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಇಂಥ ಪ್ರಕರಣಗಳು ಅವರ ಪಾಲಿನವು. ಮೊಳಕಾಲ್ಮೂರಿನಿಂದಲೋ ಜಗಳೂರಿನಿಂದಲೋ ಆ ಹೊತ್ತಿಗೆ ಬರಲಾಗದಿದ್ದರೆ ಹತ್ತಿರದ ಠಾಣೆಯಲ್ಲೇ ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ.

ಮೂಲ ಮೇಲನ್ನು ಅಳಿಸಬೇಡಿ. ಸಿಟ್ಟಿಗೆ, ನಾಚಿಕೆಗೆ ಅಳಿಸಿಬಿಡುವವರು ಬಹಳ. ಸ್ಕ್ರೀನ್‌ಶಾಟ್ ತೆಗೆದರೆ ಅಥವಾ ಫಾರ್ವರ್ಡ್ ಮಾಡಿದರೆ ಅದು ಯಾವ ಸರ್ವರಿನಿಂದ ಬಂತೆಂಬ ಹೆಡರ್ ಉಳಿಯುವುದಿಲ್ಲ. ಮೂರು ಚುಕ್ಕೆಯ ಪಟ್ಟಿಯಲ್ಲಿ ‘ಡೌನ್‌ಲೋಡ್ ಮೆಸೇಜ್’ ಒತ್ತಿದರೆ ಇಡೀ ಮೇಲ್ ಒಂದು ಫೈಲಾಗಿ ಇಳಿಯುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಒಯ್ಯಿರಿ.

ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ತಾರೀಖು ಮತ್ತು ಸೀಲ್ ಇರುವ ನಕಲು ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹಾಕಿದ ಚೌಕಟ್ಟು ಹೀಗೆ: ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ನಿಮ್ಮ ಪಾಲು ಹೆಚ್ಚೆಂದರೆ 10,000 ರೂಪಾಯಿ. ಒಟಿಪಿಯನ್ನು ನೀವೇ ಕೊಟ್ಟಿದ್ದರೆ, ತಿಳಿಸುವವರೆಗೆ ಹೋದದ್ದು ನಿಮ್ಮ ತಲೆಗೆ, ತಿಳಿಸಿದ ನಂತರ ಹೋದದ್ದು ಬ್ಯಾಂಕಿನ ತಲೆಗೆ. ಸೀಲಿನ ಮೇಲಿನ ತಾರೀಖು ಇದಕ್ಕಾಗಿಯೇ ಬೇಕು. ಸಹಕಾರಿ ಬ್ಯಾಂಕುಗಳಿಗೂ ಇದೇ ಬಗೆಯ ಸುತ್ತೋಲೆ ಅದೇ ವರ್ಷ ಡಿಸೆಂಬರ್‌ನಲ್ಲಿ ಬಂತು. ಗೋಣಿಚೀಲದ ಬಿಲ್ಲಿನ ಹಾಗೆ ನೀವೇ ಕೈಯಾರೆ ಕಳಿಸಿದ ಹಣಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಅಲ್ಲಿ 1930 ಮತ್ತು ಪೊಲೀಸ್ ದೂರೇ ಗತಿ.

ಇಷ್ಟೆಲ್ಲ ಆಗಿ ಒಂದೆರಡು ವಾರಕ್ಕೆ ಇನ್ನೊಂದು ಮೇಲ್ ಬರಬಹುದು: ‘ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಿಕೊಳ್ಳಲು ಪ್ರೊಸೆಸಿಂಗ್ ಫೀ 4,999 ರೂಪಾಯಿ’. ನಿಮ್ಮ ಹೆಸರು, ಹೋದ ಮೊತ್ತ ಎಲ್ಲ ಸರಿಯಾಗಿಯೇ ಇರುತ್ತದೆ, ಯಾಕೆಂದರೆ ಕದ್ದವರಿಗೆ ಅದು ಗೊತ್ತು. ತಡೆಹಿಡಿದ ಹಣ ವಾಪಸ್ ಬರುವುದು ಹಲವು ಸಲ ನ್ಯಾಯಾಲಯದ ಆದೇಶದ ಮೂಲಕ, ಅದಕ್ಕೆ ಯಾರೂ ಯುಪಿಐನಲ್ಲಿ ಫೀ ಕೇಳುವುದಿಲ್ಲ. ಆ ಮೇಲನ್ನೂ ಅಳಿಸದೆ ಡೌನ್‌ಲೋಡ್ ಮಾಡಿ ಅದೇ ಪೆನ್‌ಡ್ರೈವ್‌ಗೆ ಹಾಕಿ, ನಿಮ್ಮ ದೂರಿನ ಸಂಖ್ಯೆ ಹಿಡಿದು ಠಾಣೆಗೆ ನೀವೇ ಹೋಗಿ ಕೇಳಿ.